ಮಳೆಗಾಲದ ಹಿತ್ತಲು: ಬೀಜಕ್ಕೆ ಬಿಟ್ಟ ಹೀರೆ

ಮೇ ಕೊನೆ, ರೋಹಿಣಿ ಮಳೆ

ಈ ವರ್ಷ ಹಿತ್ತಲಿಗೆ ಪೂರ್ತಿ ನಾಟಿ ಬೀಜವೇ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಹೀರೆ, ಮುಳ್ಳುಸೌತೆ, ಮೊಗೆಕಾಯಿ ಬೀಜ ಅತ್ತೆಯ ಡಬ್ಬಿಯಲ್ಲೇ ಇದ್ದವು. ಹಾಲುಬೆಂಡೆ, ಕೆಂಪು ಹರಿವೆ ಶಿರಸಿಯ ಮಲೆನಾಡು ಮೇಳದಲ್ಲಿ ಸಿಕ್ಕವು. ವನಸ್ತ್ರೀ ಬಳಗದ ಹೆಂಗಸರು 2001ರಿಂದ ಊರೂರಿನ ತರಕಾರಿ ಬೀಜ ಕಾಪಾಡಿಕೊಂಡು ಬಂದವರು. ಅವರ ಹತ್ತಿರ ಬೀಜ ಕೊಂಡರೆ ಬೆಳೆಸುವ ಬಗೆಯನ್ನೂ ಹೇಳಿ ಕಳಿಸುತ್ತಾರೆ. ಪೇಟೆಯ ಪ್ಯಾಕೆಟ್ಟಿಗೆ ಬಾಯಿ ಎಲ್ಲಿದೆ?

ಗುಳ್ಳದ ಬೀಜ ಕೊಟ್ಟದ್ದು ಉಡುಪಿ ಕಡೆಯ ನೆಂಟರು. ಮಟ್ಟು ಊರಿನವರಿಗೆ ಈ ಬದನೆ ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜರು ಅನ್ನುವ ನಂಬಿಕೆ ಇದೆ. ಅವರ ವೃಂದಾವನ ಇರುವ ಸೋಂದೆ ನಮ್ಮ ಶಿರಸಿಯ ಪಕ್ಕದಲ್ಲೇ. ಹಾಗಂತ ನನ್ನ ಹಿತ್ತಲಲ್ಲಿ ಬಿಟ್ಟದ್ದನ್ನು ಮಟ್ಟುಗುಳ್ಳ ಅನ್ನಲಾರೆ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಕಾನೂನು ಗುರುತು, ಸಿಕ್ಕಿದ್ದು ಮಟ್ಟುವಿನ ಮಣ್ಣಲ್ಲಿ ಬೆಳೆದದ್ದಕ್ಕೆ. ಇಲ್ಲಿ ಅದು ಸುಮ್ನೆ ಗುಳ್ಳ. ಮಳೆ ಮುಗಿಯುವವರೆಗೆ ಡಬ್ಬಿಯಲ್ಲೇ ಇರಲಿ.

ಸುಡುಮಣ್ಣು ತಯಾರಾಗಿದೆ. ದರಕು (ಉದುರಿದ ಒಣ ಎಲೆ), ಒಣ ಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಉರಿ ಏಳದಂತೆ ಹೊಗೆಯಾಡಿಸುತ್ತಾ ಸುಟ್ಟದ್ದು. ಮಣ್ಣಿನಲ್ಲಿದ್ದ ಕಳೆ ಬೀಜ, ಹುಳದ ಮೊಟ್ಟೆ ಸಾಯುತ್ತವೆ, ಬೂದಿಯೂ ಸೇರುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಏರುಮಡಿ ಮಾಡಿದೆವು. ನಮ್ಮ ಮಳೆಗೆ ಮಡಿ ಎತ್ತರ ಇಲ್ಲದಿದ್ದರೆ ಬೇರು ಕೊಳೆತೇ ಹೋಗುತ್ತದೆ.

ಜೂನ್, ಮೃಗಶಿರ

ರಾತ್ರಿ ನೆನೆಸಿಟ್ಟು ಹಾಕಿದ ಹೀರೆ, ಸೌತೆ ಚೆನ್ನಾಗಿ ಮೊಳೆತಿವೆ. ಬೆಂಡೆ ಸ್ವಲ್ಪ ಬಿಡಿಬಿಡಿ. ಬಸವನಹುಳುವಿನ ಕಾಟ ಜಾಸ್ತಿ. ಬುಡಕ್ಕೆ ಬೂದಿ ಹಾಕಿದರೆ ಒಂದೇ ಮಳೆಗೆ ತೊಳೆದುಹೋಗುತ್ತದೆ. ಊಟ ಆದಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಸರಿಯಾದ ಮದ್ದು. ಆ ಕೆಲಸಕ್ಕೆ ಮಕ್ಕಳು ಕರೆಯದೆಯೇ ಬರುತ್ತಾರೆ.

ಜುಲೈ, ಪುನರ್ವಸು

ಮಳೆ. ಚಪ್ಪರ ಕಟ್ಟಿದ್ದಾಯಿತು. ಹರಿವೆ ಸಾರು ಎರಡು ದಿನಕ್ಕೊಮ್ಮೆ.

ಜುಲೈ ಕೊನೆ, ಪುಷ್ಯ

ಹೀರೆ ಹೂ ಬಿಟ್ಟಿದೆ. ಆದರೆ ಪಕ್ಕದ ಮನೆಯವರ ಬೇಲಿಯಲ್ಲಿ ಹೈಬ್ರಿಡ್ ಹೀರೆ ಇದೆ. ಜೇನ್ನೊಣಕ್ಕೆ ಬೇಲಿಯ ಲೆಕ್ಕ ಇಲ್ಲ. ಅಲ್ಲಿಯ ಪರಾಗ ಇಲ್ಲಿಗೆ ಬಂದರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ವ್ಯತ್ಯಾಸ ಕಾಣುವುದು ಅದರ ಬೀಜ ಬಿತ್ತಿದಾಗ. ಹಾಗಾಗಿ ಬೀಜದ ಕಾಯಿಗೆ ಪರಾಗ ಮುಟ್ಟಿಸುವ ಕೆಲಸ ನನ್ನದೇ.

ಹೀರೆ ಹೂ ಅರಳುವುದು ಸಂಜೆ. ಮಧ್ಯಾಹ್ನವೇ ಹೋಗಿ, ಅವತ್ತು ಅರಳುವಂತಿರುವ ಮೊಗ್ಗು ಹುಡುಕಬೇಕು. ತುದಿಯಲ್ಲಿ ಹಳದಿ ಇಣುಕಿರುತ್ತದೆ. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಹೀರೆ ಇರುತ್ತದೆ, ಏಣುಗಳ ಸಮೇತ. ಗಂಡು ಮೊಗ್ಗುಗಳು ಒಂದೇ ದಂಟಿನಲ್ಲಿ ಗೊಂಚಲಾಗಿರುತ್ತವೆ. ಎರಡರ ತುದಿಗೂ ಬಾಳೆನಾರು ಸುತ್ತಿಬಿಟ್ಟರೆ ನೊಣ ಒಳಗೆ ಹೋಗುವಂತಿಲ್ಲ. ಸಂಜೆ ನಾರು ಬಿಚ್ಚಿ, ಗಂಡು ಹೂ ಕಿತ್ತು, ಎಸಳು ಹರಿದು ತೆಗೆದು, ಹೆಣ್ಣು ಹೂವಿನ ನಡುವಿನ ಹಸಿರು ಶಲಾಕಾಗ್ರಕ್ಕೆ ಮೆಲ್ಲಗೆ ಸವರಬೇಕು. ಬೇರೆ ಬಳ್ಳಿಯ ಗಂಡು ಹೂ ಆದರೆ ಒಳ್ಳೆಯದು. ಆಮೇಲೆ ಹೆಣ್ಣು ಹೂವಿನ ಎಸಳು ಮತ್ತೆ ಕಟ್ಟಿ, ಕಾಯಿ ತೊಟ್ಟಿಗೆ ಕೆಂಪು ದಾರ. ಇಷ್ಟೂ ಕೊಡೆಯ ಕೆಳಗೇ ನಡೆಯಬೇಕು. ಪರಾಗ ನೆನೆದರೆ ಕೆಟ್ಟಿತು. ಮಳೆ ಬಿಡದ ಸಂಜೆ ಎಲ್ಲ ವ್ಯರ್ಥ.

ಆಗಸ್ಟ್, ಮಘೆ

ಕೆಂಪು ದಾರದ ಕಾಯಿಗಳು ನಿಂತಿವೆ. ಹಣ್ಣುನೊಣ ಚುಚ್ಚದಂತೆ ಹಳೆ ಪಂಚೆಯ ಚೀಲ ತೊಡಿಸಿದ್ದೇನೆ.

ಮನೆಯಲ್ಲಿ ಈಗ ಜಗಳ ಶುರು. ಬಳ್ಳಿ ಬೀಜದ ಕಾಯಿಗೆ ಶಕ್ತಿ ಕೊಡತೊಡಗಿದ ಮೇಲೆ ಹೊಸ ಕಾಯಿ ಕಡಿಮೆ ಆಗುತ್ತದೆ. ನಾನು ಬಿಟ್ಟದ್ದೋ ಅತ್ಯುತ್ತಮ ಬಳ್ಳಿಗಳ ನೀಟಾದ ಕಾಯಿಗಳು. ಅಡುಗೆಗೆ ಸಿಗುವುದು ಸೊಟ್ಟಗಿನವು. ಹೀರೆಕಾಯಿ ಸಿಪ್ಪೆ ಚಟ್ನಿ ಪ್ರಿಯರಾದ ಯಜಮಾನರು ದಿನಾ ಚಪ್ಪರದ ಕೆಳಗೆ ನಿಂತು ನಿಟ್ಟುಸಿರು ಬಿಡುತ್ತಾರೆ. ಅತ್ತೆ ಮಾತ್ರ ನನ್ನ ಕಡೆ. ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬೀಜಕ್ಕೆ ಬಿಟ್ಟ ಮನೆಗಳಲ್ಲಿ ತಳಿ ಹೇಗೆ ಸಣ್ಣಗಾಯಿತು ಅಂತ ಹೆಸರು ಹಿಡಿದು ಹೇಳುತ್ತಾರೆ. ಆ ಹೆಸರುಗಳು ಇಲ್ಲಿ ಬೇಡ, ಅಲ್ವಾ.

ಅಕ್ಟೋಬರ್, ಹಸ್ತ

ಹೀರೆ ಬಳ್ಳಿಯಲ್ಲೇ ಒಣಗಬೇಕು. ನಮ್ಮಲ್ಲಿ ಅಷ್ಟು ಬಿಸಿಲು ಇನ್ನೂ ಎಲ್ಲಿ? ಕಂದು ಬಣ್ಣಕ್ಕೆ ತಿರುಗಿದ್ದನ್ನು ಕೊಯ್ದು ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿದೆವು. ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿದ ಮೇಲೆ ತುದಿಯ ಮುಚ್ಚಳ ಮುರಿದು ಕೊಡವಿದೆ. ಕಪ್ಪು, ಗಟ್ಟಿ ಬೀಜ. ಜೊಳ್ಳು ಕೇರಿ ತೆಗೆದು, ನೆರಳಲ್ಲಿ ಹರವಿ, ಬೂದಿಯ ಜೊತೆ ಬಾಟಲಿಗೆ ತುಂಬಿದ್ದೇನೆ. ಸೌತೆ ಬೀಜವನ್ನು ಅತ್ತೆ ಸಗಣಿ, ಬೂದಿಯಲ್ಲಿ ಕಲಸಿ ಕೊಟ್ಟಿಗೆ ಗೋಡೆಗೆ ತಟ್ಟಿಯಾಗಿದೆ. ಬೆಂಡೆ ಬೀಜ ಈ ಸಲ ತೀರಾ ಕಡಿಮೆ, ಯಾರಿಗೂ ಕೊಡುವಷ್ಟಿಲ್ಲ. ಪಕ್ಕದ ಮನೆಯವರು ಹೀರೆ ಬೀಜ ಕೇಳಿದ್ದಾರೆ. ಖುಷಿಯಿಂದ ಕೊಡುತ್ತೇನೆ. ಅವರೂ ಇದನ್ನೇ ಹಾಕಿದರೆ ಮುಂದಿನ ಪುಷ್ಯದಲ್ಲಿ ನನಗೆ ಕೊಡೆ ಹಿಡಿಯುವ ಕೆಲಸ ಇಲ್ಲ.

ಗುಳ್ಳದ ಬೀಜ ನಿನ್ನೆ ಸಸಿ ಮಡಿಗೆ ಹಾಕಿದೆ. ಮಟ್ಟುವಿನಲ್ಲೂ ಭತ್ತದ ಕೊಯ್ಲಾದ ಗದ್ದೆಯಲ್ಲೇ ಅದನ್ನು ನೆಡುತ್ತಾರೆ. ಸಸಿ ಎದ್ದ ಮೇಲೆ ಬರೆಯುತ್ತೇನೆ.