ಹಸಿ ಹಲಸು ಕಲಿಸಿದ್ದು

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯಲು ಕಲಿತವನಿಗೆ ಒಣಮರವೇ ರೂಢಿ. ಆಲೆ ಮರದ ತುಂಡುಗಳನ್ನು ಎರಡು ಮೂರು ತಿಂಗಳು ಒಣಗಿಸಿದ ಮೇಲೆಯೇ ಲೇತಿಗೆ ಏರಿಸುತ್ತೇವೆ. ತೇವವಿದ್ದರೆ ಬೊಂಬೆಗೆ ಬಳಿಯುವ ಬಣ್ಣದ ಅರಗು ಸರಿಯಾಗಿ ಹಿಡಿಯುವುದಿಲ್ಲ. ಆದರೆ ಹತ್ತಿಂಚಿನ ಬಟ್ಟಲಿಗೆ ಬೇಕಾದ ದಪ್ಪ ದಿಮ್ಮಿ ಇಡಿಯಾಗಿ ಒಣಗಲು ವರ್ಷಗಳೇ ಬೇಕು, ಅಷ್ಟರಲ್ಲಿ ಸೀಳಿಯೂ ಬಿಡುತ್ತದೆ. ಆದ್ದರಿಂದ ಬಟ್ಟಲನ್ನು ಹಸಿಯಲ್ಲೇ ಒರಟಾಗಿ ಕಡೆದು, ಒಣಗಿಸಿ, ಮತ್ತೊಮ್ಮೆ ಕಡೆಯಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ.

ಆಗತಾನೇ ಕಡಿದ ಹಲಸಿನ ಮರವೊಂದು ಸಿಕ್ಕಿತ್ತು. ಹಸಿ ಹಲಸು ಕಡೆಯುವುದೆಂದರೆ ಹಬ್ಬ. ಉಳಿ ತಾಗಿದರೆ ಸಾಕು, ಹಳದಿ ಸುರುಳಿಗಳು ಮಾರುದ್ದ ಹಾರುತ್ತವೆ, ಮುಖಕ್ಕೆ ನೀರು ಸಿಡಿಯುತ್ತದೆ. ಎರಡೇ ದಿನಕ್ಕೆ ಹನ್ನೆರಡು ಬಟ್ಟಲು! ಆ ಹುಮ್ಮಸ್ಸಿನಲ್ಲಿ, ಆಳ ಸಿಗಲೆಂದು ದಿಮ್ಮಿಯ ನಟ್ಟನಡುವಿನ ತಿರುಳನ್ನು ಕೊಯ್ದು ತೆಗೆಯದೆ ಬಟ್ಟಲಿನ ಅಂಚಿನಲ್ಲೇ ಉಳಿಸಿಕೊಂಡೆ. ಸಾಲದೆಂಬಂತೆ, ಬೇಗ ಒಣಗಲೆಂದು ಏಪ್ರಿಲ್ ತಿಂಗಳ ಗಾಳಿಗೆ ಜಗಲಿಯ ಮೇಲೆ ಸಾಲಾಗಿ ಹರಡಿದೆ. ರಾತ್ರಿ ಊಟಕ್ಕೆ ಕುಳಿತಾಗ ಹೊರಗೆ 'ಟಪ್' ಎಂದಿತು, ಕೆಂಡದಲ್ಲಿ ಹುಣಸೆ ಬೀಜ ಸಿಡಿದ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆಳಿಗ್ಗೆ ನೋಡಿದರೆ ಏಳು ಬಟ್ಟಲುಗಳ ಸೀಳಿನೊಳಗೆ ಉಗುರು ಇಳಿಯುತ್ತಿತ್ತು.

ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯತ್ತ ಎಷ್ಟು ಕುಗ್ಗುತ್ತದೋ, ಸುತ್ತಳತೆಯ ಗುಂಟ ಅದರ ಸುಮಾರು ಎರಡರಷ್ಟು. ದುಂಡಗಿದ್ದ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುವುದು ಅದಕ್ಕೇ; ಆ ಸೊಟ್ಟವನ್ನು ಆಮೇಲೆ ಕಡೆದು ತೆಗೆಯಲೆಂದೇ ಹತ್ತಿಂಚಿನದಕ್ಕೆ ಒಂದಿಂಚು ದಪ್ಪ ಬಿಡುವುದು. ಸೊಟ್ಟವಾದರೆ ಚಿಂತೆಯಿಲ್ಲ. ಹೊರಮೈ ಒಣಗಿ ಒಳಗೆ ಹಸಿ ಉಳಿದಾಗ ಸೀಳುತ್ತದೆ, ತಿರುಳಿದ್ದರೆ ಅಲ್ಲಿಂದಲೇ ಶುರು.

ಈಗ ತಿರುಳು ಮೊದಲೇ ಹೊರಗೆ. ನಾರಿನ ತುದಿ ಕಾಣುವ ಕಡೆ ಮೇಣ ಸವರಿ, ಹಳೆಯ ಪತ್ರಿಕೆ ಸುತ್ತಿ, ನೆರಳಿನ ಮೂಲೆಯಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಅದೊಂದು ರಗಳೆ. ವಾರಕ್ಕೊಮ್ಮೆ ತೂಗಿ ತಳದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಮೊನ್ನೆ ಮುಗಿಸಿದ್ದು 1,900 ಗ್ರಾಂನಿಂದ ಇಳಿಯುತ್ತಾ ಐದು ತಿಂಗಳಿಗೆ 1,240ಕ್ಕೆ ಬಂದು ನಿಂತಿತು. ಮೂರು ವಾರ ಮುಳ್ಳು ಅಲುಗದಿದ್ದ ಮೇಲೆಯೇ ಮತ್ತೆ ಲೇತಿಗೆ ಹಾಕಿದೆ.

ಬಟ್ಟಲು ಯಾವಾಗ ಕೊಡುತ್ತೀರಿ ಎಂದು ಗಿರಾಕಿಗಳು ಕೇಳಿದರೆ ತಾರೀಖು ಹೇಳುವುದಿಲ್ಲ. ತಳದ ಪೆನ್ಸಿಲ್ ಲೆಕ್ಕದ ಫೋಟೊ ಕಳುಹಿಸುತ್ತೇನೆ.