ಡಬ್ಬಿಯ ಮೇಲಿನ ಎಲೆ

ತೂಕ ಇಳಿಸುವ ಮಾತ್ರೆಯ ಡಬ್ಬಿಯೊಂದು ಮೂರು ವಾರದಿಂದ ಮೇಜಿನ ಮೇಲಿದೆ. ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ‘ಸಂಪೂರ್ಣ ನೈಸರ್ಗಿಕ’. ಆ ಎಲೆಯನ್ನು ನೋಡಿಯೇ ಕೊಂಡೆ, ಸುಳ್ಳೇಕೆ ಹೇಳಲಿ.

ತೂಕ ಇಳಿಸುವ ಮಾತ್ರೆಗಳಿಗೆ ಹಾಕುತ್ತಿದ್ದ ಎಫೆಡ್ರಾ ಕೂಡ ಗಿಡವೇ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು ಅಮೆರಿಕ 2004ರಲ್ಲಿ ಅದರ ಮಾತ್ರೆಗಳನ್ನು ನಿಷೇಧಿಸಿತು. ಕುಡಿಯುವ ಗ್ರೀನ್ ಟೀ ಪಾಪ, ಸಾಧು. ಅದರ ಸಾರವನ್ನು ಗಟ್ಟಿಮಾಡಿ ಮಾತ್ರೆಯಲ್ಲಿ ತುಂಬಿದಾಗ ಕೆಲವರ ಯಕೃತ್ತು ಕೆಟ್ಟಿದೆ. ಇನ್ನು 2010ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆದ ಸಿಬುಟ್ರಮೈನ್ ಎಂಬ ತೂಕ ಇಳಿಸುವ ರಾಸಾಯನಿಕ ಔಷಧ ‘ಗಿಡಮೂಲಿಕೆ’ ಡಬ್ಬಿಗಳಲ್ಲಿ ಗುಟ್ಟಾಗಿ ಬೆರೆತದ್ದು ಸಿಕ್ಕಿದೆ. ಬಹುಶಃ ಆ ಡಬ್ಬಿಗಳೇ ಚೆನ್ನಾಗಿ ಕೆಲಸ ಮಾಡಿರಬೇಕು!

ನನ್ನದು ಗಾರ್ಸಿನಿಯಾ ಎಂಬ ಹುಳಿ ಹಣ್ಣಿನ ಸಾರ. ಪ್ರಯೋಗಗಳಲ್ಲಿ ಅದರಿಂದ ಇಳಿದದ್ದು ಸರಾಸರಿ ಒಂದು ಕಿಲೋ ಆಸುಪಾಸು. ತೂಕದ ಯಂತ್ರದ ಮುಳ್ಳು ನನ್ನ ಪಾಲಿಗೆ ಅಷ್ಟೂ ಕದಲಲಿಲ್ಲ.