ಬಣ್ಣ ಕೊನೆಗೆ: ಕಬ್ ಕೆಡೆಟ್ 100ರ ದುರಸ್ತಿ

ಹಳೆಯ ಯಂತ್ರವೊಂದು ಮನೆಗೆ ಬಂದ ಕೂಡಲೇ ಅದಕ್ಕೆ ಹೊಸ ಬಣ್ಣ ಹೊಡೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಎಲ್ಲ ರಿಪೇರಿಯೂ ಮುಗಿದು, ಯಂತ್ರ ಒಂದು ಹಂಗಾಮು ದುಡಿದು ತೋರಿಸಿದ ಮೇಲೆಯೇ ಬಣ್ಣದ ಡಬ್ಬಿ ತೆರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲಿನಾಯ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ 1960ರ ದಶಕದ ಕಬ್ ಕೆಡೆಟ್ 100 ಎಂಬ ಗಾರ್ಡನ್ ಟ್ರ್ಯಾಕ್ಟರನ್ನು ನಾನು ಈ ಕ್ರಮದಲ್ಲಿಯೇ ಸರಿಪಡಿಸಿದೆ. ಇಡೀ ಬೇಸಿಗೆ ಅದನ್ನು ಸುಕ್ಕುಗಟ್ಟಿದ ಹಳೆಯ ಬಣ್ಣದಲ್ಲೇ ಓಡಿಸಿ, ಎಲ್ಲಿ ಎಣ್ಣೆ ಸೋರುತ್ತದೆ, ಎಲ್ಲಿ ಅಲುಗಾಟವಿದೆ, ಬಿಸಿಯಾದ ಮೇಲೆ ಯಾವ ಶಬ್ದ ಬರುತ್ತದೆ ಎಂಬುದನ್ನೆಲ್ಲ ನೋಡಿಕೊಂಡೆ.

ಗಾರ್ಡನ್ ಟ್ರ್ಯಾಕ್ಟರ್ ಎಂದರೆ ನಮ್ಮ ಊರುಗಳ ಪವರ್ ಟಿಲ್ಲರಿನ ಹಿಂದೆ ನಡೆಯುವವರಿಗೆ ಸ್ವಲ್ಪ ಅಪರಿಚಿತವಾದ ವಸ್ತು. ಇದು ಮೇಲೆ ಕುಳಿತು ಓಡಿಸುವ ಪುಟ್ಟ ನಾಲ್ಕು ಚಕ್ರದ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಡೆಕ್ ಕಟ್ಟಿಕೊಳ್ಳುತ್ತದೆ, ವಸಂತದಲ್ಲಿ ಹಿಂದೆ ಒಂಟಿ ನೇಗಿಲು ಎಳೆಯುತ್ತದೆ, ಚಳಿಗಾಲದಲ್ಲಿ ಮುಂದೆ ಬ್ಲೇಡ್ ಹೊತ್ತು ಹಿಮ ತಳ್ಳುತ್ತದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಕೆಂಟಕಿ ರಾಜ್ಯದ ಲೂಯಿವಿಲ್ ಕಾರ್ಖಾನೆಯಲ್ಲಿ ಮೊದಲಿನಿಂದಲೂ ಫಾರ್ಮಾಲ್ ಕಬ್ ಎಂಬ ಸಣ್ಣ ಕೃಷಿ ಟ್ರ್ಯಾಕ್ಟರನ್ನು ತಯಾರಿಸುತ್ತಿತ್ತು. ಅದರ ಗೇರ್‌ಬಾಕ್ಸನ್ನೇ ತುಸು ಬದಲಿಸಿ ಕಬ್ ಕೆಡೆಟ್‌ಗೆ ಅಳವಡಿಸಿದ್ದರಿಂದ, ಮನೆಯಂಗಳದ ಯಂತ್ರಕ್ಕೆ ಹೊಲದ ಯಂತ್ರದ ಬೆನ್ನೆಲುಬು ಬಂದಿತು. ಮೊದಲ ಮಾದರಿಯಲ್ಲಿ ಎಂಜಿನ್ನಿನ ಶಕ್ತಿ ಬೆಲ್ಟಿನ ಮೂಲಕ ಹಿಂದಕ್ಕೆ ಹೋಗುತ್ತಿತ್ತು. 1963ರಲ್ಲಿ ಬಂದ 70 ಮತ್ತು 100 ಮಾದರಿಗಳಲ್ಲಿ ಬೆಲ್ಟಿನ ಬದಲು ನೇರವಾದ ಡ್ರೈವ್ ಶಾಫ್ಟ್ ಬಂದಿತು. 1981ರಲ್ಲಿ ಕಬ್ ಕೆಡೆಟ್ ವ್ಯವಹಾರ ಎಂಟಿಡಿ ಕಂಪನಿಗೆ ಮಾರಾಟವಾಯಿತು. ಇಂದಿಗೂ ಆ ಹೆಸರಿನ ಯಂತ್ರಗಳು ಅಂಗಡಿಯಲ್ಲಿ ಸಿಗುತ್ತವೆಯಾದರೂ ಎರಕದ ಕಬ್ಬಿಣದ ಆ ಹಳೆಯ ದೇಹ ನನಗೆ ಹೆಚ್ಚು ಪ್ರಿಯ.

100ರಲ್ಲಿರುವುದು ವಿಸ್ಕಾನ್ಸಿನ್ನಿನ ಕೋಲರ್ ಕಂಪನಿಯ ಕೆ241 ಎಂಜಿನ್. ಒಂದೇ ಸಿಲಿಂಡರ್, ಸುಮಾರು 390 ಸಿಸಿ, ಹತ್ತು ಅಶ್ವಶಕ್ತಿ. ಇದರಲ್ಲಿ ಆಯಿಲ್ ಪಂಪ್ ಇಲ್ಲ. ಕನೆಕ್ಟಿಂಗ್ ರಾಡಿನ ಕೆಳತುದಿ ಎಣ್ಣೆಯಲ್ಲಿ ಮುಳುಗಿ ಏಳುತ್ತಾ ಒಳಗೆಲ್ಲ ಎಣ್ಣೆ ಎರಚುತ್ತದೆ. ಆದ್ದರಿಂದ ಎಣ್ಣೆಯ ಮಟ್ಟ ಇಳಿದರೆ ಎಚ್ಚರಿಸುವವರು ಯಾರೂ ಇಲ್ಲ, ಸೋರುವ ಸೀಲನ್ನು ಉಪೇಕ್ಷಿಸುವಂತೆಯೂ ಇಲ್ಲ. ಕಿಡಿ ಕೊಡುವ ಪಾಯಿಂಟ್ಸ್ ಎಂಜಿನ್ನಿನ ಹೊರಮೈಯಲ್ಲೇ ಒಂದು ಮುಚ್ಚಳದ ಅಡಿಯಲ್ಲಿರುವುದು ದೊಡ್ಡ ಅನುಕೂಲ. ಫ್ಲೈವೀಲ್ ಬಿಚ್ಚದೆ, ಅಂತರ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು 0.020 ಇಂಚು, ಎಂದರೆ ಅರ್ಧ ಮಿಲಿಮೀಟರಿನ ಅಂತರ ಹೊಂದಿಸಬಹುದು. ಪಾಯಿಂಟ್ಸಿನ ಮುಖವನ್ನು ಒರೆಸಿ, ಕಂಡೆನ್ಸರ್ ಬದಲಿಸಿ, ಕಾರ್ಬ್ಯುರೇಟರಿನ ತೂತುಗಳನ್ನೆಲ್ಲ ಸ್ವಚ್ಛಗೊಳಿಸಿ, ಎಥನಾಲ್ ಬೆರೆತ ಪೆಟ್ರೋಲಿನಿಂದ ಗಟ್ಟಿಯಾಗಿದ್ದ ರಬ್ಬರ್ ಪೈಪನ್ನು ಹೊಸದಕ್ಕೆ ಬದಲಾಯಿಸಿದ ಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು.

ಹಾಗಿದ್ದರೂ ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚಿದೆ. ಈ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ವರ್ಷಗಳ ಬಿಸಿಗೆ ಸ್ವಲ್ಪ ಬಾಗುತ್ತದೆ. ಆಗ ಹೆಡ್ಡಿನ ಅಡಿಯಲ್ಲಿ ಸಂದು ಮುಚ್ಚುವ ತೆಳು ಹಾಳೆಯಾದ ಗ್ಯಾಸ್ಕೆಟ್ಟಿನ ಒಂದು ಮೂಲೆಯಿಂದ ಗಾಳಿ ತಪ್ಪಿಸಿಕೊಂಡು ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ದಪ್ಪ ಗಾಜಿನ ಮೇಲೆ ಉಪ್ಪು ಕಾಗದವನ್ನು ಅಂಟಿಸಿ, ಹೆಡ್ಡನ್ನು ಅದರ ಮೇಲಿಟ್ಟು ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜುತ್ತಾ ಹೋದರೆ ಎತ್ತರದ ಜಾಗಗಳು ಮೊದಲು ಹೊಳೆಯುತ್ತವೆ. ಇಡೀ ಮುಖ ಒಂದೇ ಹೊಳಪಿಗೆ ಬರುವವರೆಗೆ ಉಜ್ಜಿದರೆ ಸಾಕು. ಯಂತ್ರದ ಅಂಗಡಿಗೆ ಒಯ್ಯದೆ ಮನೆಯಲ್ಲೇ ಮಾಡಬಹುದಾದ ಇಷ್ಟು ನಿಖರವಾದ ಕೆಲಸ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹೆಚ್ಚು ಶ್ರಮ ಕೇಳಿದ್ದು ಡ್ರೈವ್ ಶಾಫ್ಟ್. ಕ್ಲಚ್ಚನ್ನು ಹಿಡಿದಿರುವ ಪಿನ್ನುಗಳು ಸವೆದಂತೆ ಅವುಗಳ ತೂತುಗಳೂ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಹೊಸ ಪಿನ್ ಹಾಕಿದರೂ ಹಳೆಯ ತೂತಿನಲ್ಲಿ ಅದು ಮತ್ತೆ ಬಡಿದಾಡುವುದರಿಂದ ಶಾಫ್ಟನ್ನೇ ಬದಲಿಸಬೇಕಾಯಿತು. ಗೇರ್‌ಬಾಕ್ಸಿನ ಎಣ್ಣೆ ಹಾಲು ಬೆರೆತಂತೆ ಬಿಳಿಚಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ನನ್ನದರಲ್ಲಿ ಹಾಗೆಯೇ ಆಗಿತ್ತು. ಎಣ್ಣೆ ಪೂರ್ತಿ ಬಸಿದು, ಗೇರ್ ಸ್ಟಿಕ್ಕಿನ ಬುಡದ ರಬ್ಬರ್ ಮುಚ್ಚಳ ಮತ್ತು ಆಕ್ಸಲ್ ಸೀಲುಗಳನ್ನು ಬದಲಾಯಿಸಿದೆ. ಈ ಸೀಲುಗಳ ಕೆಲಸ ಬಣ್ಣಕ್ಕೆ ಮೊದಲೇ ಏಕೆ ಮುಗಿಯಬೇಕೆಂದರೆ, ಎಣ್ಣೆ ಜಿನುಗುವ ಎರಕದ ಮೇಲೆ ಎಂತಹ ಪ್ರೈಮರ್ ಹೊಡೆದರೂ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ.

ತುಕ್ಕು ತೆಗೆಯಲು ನಾನು ನೆಚ್ಚಿದ್ದು ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರನ್ನು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗಕ್ಕೆ ಚಾರ್ಜರಿನ ನೆಗೆಟಿವ್ ತಂತಿಯನ್ನೂ, ಅದಕ್ಕೆ ತಾಗದಂತೆ ಇಳಿಬಿಟ್ಟ ಗುಜರಿ ಕಬ್ಬಿಣದ ತುಂಡಿಗೆ ಪಾಸಿಟಿವ್ ತಂತಿಯನ್ನೂ ಜೋಡಿಸಬೇಕು. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಪುಡಿಯಾಗಿ ಸಡಿಲವಾಗುತ್ತದೆ, ಗಟ್ಟಿ ಲೋಹಕ್ಕೆ ಗೀರೂ ಬೀಳುವುದಿಲ್ಲ. ಹೈಡ್ರೋಜನ್ ಹೊರಬರುವುದರಿಂದ ತೊಟ್ಟಿ ಬಯಲಿನಲ್ಲಿರಬೇಕು, ತಂತಿ ಮುಟ್ಟುವ ಮೊದಲು ಚಾರ್ಜರ್ ಆರಿಸಿರಬೇಕು. ಗುಜರಿ ತುಂಡಾಗಿ ಸ್ಟೇನ್‌ಲೆಸ್ ಸ್ಟೀಲನ್ನು ಖಂಡಿತ ಬಳಸಕೂಡದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೂ ಈ ತೊಟ್ಟಿಗೆ ಇಳಿಸಬಾರದು. ಕ್ಷಾರ ಅವುಗಳನ್ನು ತಿಂದುಹಾಕುತ್ತದೆ.

ಹಳೆಯ ಬಣ್ಣ ಕೆರೆಯುವುದು ಇನ್ನೂ ಎಚ್ಚರ ಬೇಡುವ ಕೆಲಸ. ಆ ಕಾಲದ ಯಂತ್ರಗಳ ಹಳದಿ ಬಣ್ಣಕ್ಕೆ ಸೀಸದ ಕ್ರೋಮೇಟ್ ಬಳಸುವುದು ಸಾಮಾನ್ಯವಾಗಿತ್ತು. ಆದ್ದರಿಂದ ಒಣ ಧೂಳು ಏಳದಂತೆ ನೀರು ಹಾಕಿಕೊಂಡೇ ಉಜ್ಜಬೇಕು, ಸರಿಯಾದ ಫಿಲ್ಟರ್ ಇರುವ ಮುಖಕವಚ ಧರಿಸಬೇಕು. ಆ ಬಟ್ಟೆಯಲ್ಲೇ ಮನೆಯೊಳಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬಾರದು.

ಹಳದಿ ಮತ್ತು ಬಿಳಿ ಕಬ್ ಕೆಡೆಟ್‌ನ ಜೋಡಿ ಬಣ್ಣಗಳು. ನಡುವೆ ಯಾರೋ ಬೇರೆ ಛಾಯೆ ಹೊಡೆದಿದ್ದರೂ, ಬಿಸಿಲು ಕಾಣದ ಕ್ಲಾಂಪಿನ ಅಡಿಯಲ್ಲೋ ಗ್ರೀಸ್ ಮೆತ್ತಿದ ಮೂಲೆಯಲ್ಲೋ ಕಾರ್ಖಾನೆಯ ಬಣ್ಣ ಉಳಿದಿರುತ್ತದೆ. ಛಾಯೆಯನ್ನು ಅದಕ್ಕೇ ಹೊಂದಿಸಬೇಕು. ಗಟ್ಟಿಗೊಳಿಸುವ ರಾಸಾಯನಿಕವಾದ ಹಾರ್ಡನರ್ ಬೆರೆಸಿದ ಬಣ್ಣ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ ನಿಜ. ಆದರೆ ಅದರಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯಕಾರಿಯಾಗಿದ್ದು, ಹೊರಗಿನ ಶುದ್ಧ ಗಾಳಿಯನ್ನು ಮುಖವಾಡಕ್ಕೆ ಒದಗಿಸುವ ಉಪಕರಣವಿಲ್ಲದ ಮನೆಯ ಗ್ಯಾರೇಜಿನಲ್ಲಿ ಅದನ್ನು ಸ್ಪ್ರೇ ಮಾಡುವುದು ಸರಿಯಲ್ಲ. ನಾನು ಹಾರ್ಡನರ್ ಇಲ್ಲದ ಆಲ್ಕಿಡ್ ಎನಾಮಲ್ ಎಂಬ ಎಣ್ಣೆ ಬಣ್ಣವನ್ನು ಆರಿಸಿಕೊಂಡು, ಅದು ಒಣಗಲು ಕೇಳುವ ಹೆಚ್ಚಿನ ಕಾಲವನ್ನು ಸಂತೋಷದಿಂದ ಕೊಟ್ಟೆ. ಇಲ್ಲಿನ ಜುಲೈ ತಿಂಗಳ ಗಾಳಿಯಲ್ಲಿ ತೇವ ಹೆಚ್ಚು. ಸೆಪ್ಟೆಂಬರಿನಲ್ಲಿ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ತೆಳುವಾದ ಕೋಟುಗಳಲ್ಲಿ ಹೊಡೆದದ್ದು ಕನ್ನಡಿಯಂತಲ್ಲದಿದ್ದರೂ ಕಾರ್ಖಾನೆಯ ಬಣ್ಣದಷ್ಟೇ ಸಮವಾಗಿ ಕುಳಿತಿದೆ. ಪ್ರದರ್ಶನಕ್ಕೆ ಇಡುವವರು ಎರಕದ ಉಬ್ಬುತಗ್ಗುಗಳನ್ನೆಲ್ಲ ಪುಟ್ಟಿ ತುಂಬಿ ನುಣುಪಾಗಿಸುತ್ತಾರೆ. ಅದು ಈ ಯಂತ್ರಕ್ಕೆ ಒಪ್ಪುವುದಿಲ್ಲ; ಎರಕದ ಒರಟು ಮೈ ಮತ್ತು ಅದರ ಮೇಲಿನ ಅಂಕಿಗಳು ಕಾಣುತ್ತಲೇ ಇರಬೇಕು.

ಎಲ್ಲಿ ಬಣ್ಣ ಹೊಡೆಯಬಾರದು ಎಂಬುದೂ ಅಷ್ಟೇ ಮುಖ್ಯ. ಸಿಲಿಂಡರಿನ ಗರಿಗಳ ಮೇಲೆ ದಪ್ಪ ಬಣ್ಣ ಕುಳಿತರೆ ಬಿಸಿ ಹೊರಹೋಗುವುದು ಕಷ್ಟವಾಗುತ್ತದೆ. ಈ ಟ್ರ್ಯಾಕ್ಟರಿನಲ್ಲಿ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಘಟಕ; ಅದು ತನ್ನ ಬ್ರ್ಯಾಕೆಟ್ಟಿನ ಮೂಲಕವೇ ಅರ್ಥಿಂಗ್ ಪಡೆಯುವುದರಿಂದ ಬ್ರ್ಯಾಕೆಟ್ ಕೂರುವ ಜಾಗ ಬರಿಯ ಲೋಹವಾಗಿಯೇ ಉಳಿಯಬೇಕು. ಚೆನ್ನಾಗಿ ಬಣ್ಣ ಹೊಡೆದ ಯಂತ್ರ ಸ್ಟಾರ್ಟ್ ಆಗದಿದ್ದಾಗ ಮೊದಲು ನೋಡಬೇಕಾದ ಜಾಗ ಇದೇ. ಸೀರಿಯಲ್ ನಂಬರಿನ ತಗಡನ್ನು ಬಿಚ್ಚಿಟ್ಟು, ಬಣ್ಣ ಒಣಗಿದ ಮೇಲೆ ಮತ್ತೆ ಕೂರಿಸಿದೆ.

ಆಲ್ಕಿಡ್ ಬಣ್ಣ ಮುಟ್ಟಲು ಒಣಗಿದರೂ ಒಳಗೆ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಪೆಟ್ರೋಲ್ ಚೆಲ್ಲಿದರೆ ಕಲೆ ನಿಲ್ಲುವುದರಿಂದ ಟ್ಯಾಂಕನ್ನು ಖಾಲಿ ಇಟ್ಟಿದ್ದೆ. ಹುಲ್ಲಿನ ಕಡೆಯ ಕಟಾವಿಗೆ ಟ್ರ್ಯಾಕ್ಟರ್ ಸಿದ್ಧವಾಯಿತು. ಹಿಮ ತಳ್ಳುವ ಬ್ಲೇಡಿಗೆ ಮಾತ್ರ ಇನ್ನೂ ಹಳೆಯ ಬಣ್ಣವೇ ಇದೆ. ಅದರ ತಿರುಗಣೆಯ ತೂತುಗಳು ಸವೆದಿವೆ. ಅವುಗಳನ್ನು ವೆಲ್ಡ್ ಮಾಡಿ ತುಂಬಿಸಿ, ಮತ್ತೆ ಕೊರೆದು, ಒಂದು ಚಳಿಗಾಲ ದುಡಿಸಿದ ಮೇಲೆಯೇ ಅದಕ್ಕೆ ಹಳದಿ ಬಣ್ಣ ಹೊಡೆಯುತ್ತೇನೆ.